ಗೊತ್ತಿಲ್ಲ ಅನ್ನುವವರ ಚಾಪೆ

ಕಿಟಕಿಯ ಕೆಳಗೆ ಚಾಪೆ ಇರಲಿಲ್ಲ.

ಉಳಿದದ್ದೆಲ್ಲ ಇತ್ತು, ಇರಬೇಕಾದ್ದಕ್ಕಿಂತ ಹೆಚ್ಚಾಗಿಯೇ ಇತ್ತು. ಶಾಲೆಯ ಅಂಗಳಕ್ಕೆ ನೀರು ಚಿಮುಕಿಸಿ, ಗೇಟಿನಿಂದ ಬಾಗಿಲವರೆಗೆ ದಾರಿಯ ಎರಡೂ ಬದಿಗೆ ಸುಣ್ಣದ ಗೆರೆ ಎಳೆದಿದ್ದರು. ಬಾಗಿಲಿಗೆ ಮಾವಿನೆಲೆಯ ತೋರಣ. ಗೋಡೆಯ ಮೇಲಿನ ಹಳೆಯ ನವಿಲಿಗೆ ಯಾರೋ ಹೊಸದಾಗಿ ಕಣ್ಣು ಬರೆದಿದ್ದರು, ಅದು ಗಾಬರಿಯಾದ ಕೋಳಿಯ ಹಾಗೆ ಕಾಣುತ್ತಿತ್ತು. ಮಕ್ಕಳ ತಲೆಗಳು ಎಣ್ಣೆಯಲ್ಲಿ ಮಿರಮಿರ ಎನ್ನುತ್ತಿದ್ದವು. ಅಂಗಿಯ ಗುಂಡಿ ಕಿತ್ತುಹೋದ ಕಡೆಯೆಲ್ಲ ಪಿನ್ನು. ಕೊಡಿಗೇನಹಳ್ಳಿ ಕಡೆಯಿಂದ ಯಾವ ಗಾಡಿಯ ಸದ್ದು ಕೇಳಿದರೂ ಅವರೆಲ್ಲ ಗೇಟಿಗೆ ಓಡಿ "ಬಂದ್ರು, ಬಂದ್ರು!" ಎಂದು ಕೂಗುವುದು, ಅದು ಹಿಂದೂಪುರದ ಬಸ್ಸಾಗಿ ಧೂಳೆಬ್ಬಿಸಿಕೊಂಡು ಹೊರಟುಹೋಗುವುದು, ಇವರು ಮುಖ ಸಣ್ಣದು ಮಾಡಿಕೊಂಡು ಮರಳುವುದು, ಇದೇ ನಡೆದಿತ್ತು.

ನಮ್ಮ ಚಿಕ್ಕಬಂಡೇನಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಎಷ್ಟು ಚೆನ್ನಾಗಿದೆ ಎಂದು ಹೊರಗಿನವರು ಬಂದು ಅಳೆಯುವ ದಿನ ಅದು. ನನ್ನ ಮಗಳು ಸಿದ್ಧಿ ಯಾವ ಶಾಲೆಯಲ್ಲಿ ಓದಬೇಕು ಎಂಬುದು ತೀರ್ಮಾನವಾಗುವ ದಿನವೂ ಅದೇ.

ಸಿದ್ಧಿ ನನ್ನ ಬೆರಳನ್ನು ಜಗ್ಗಿ, ಗಲ್ಲ ಎತ್ತಿ ಕಿಟಕಿಯ ಕಡೆ ತೋರಿಸಿದಳು. ಅವಳೂ ಚಾಪೆಯನ್ನೇ ಹುಡುಕುತ್ತಿದ್ದಳು. ಬಾಯಿಬಿಟ್ಟು ಕೇಳಲಿಲ್ಲ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿ, ಯಾವುದೇ ಶಾಲೆಯ ಗೇಟಿನೊಳಗೆ ಕಾಲಿಟ್ಟರೆ ತುಟಿ ಬಿಗಿದುಕೊಳ್ಳುತ್ತಾಳೆ. ಹೋದ ವರ್ಷದಿಂದ ಹೀಗೆ.

ಹೋದ ವರ್ಷ ಅವಳು ವ್ಯಾನಿನಲ್ಲಿ ಮಧುಗಿರಿಯ ಒಂದು ಕಾನ್ವೆಂಟಿಗೆ ಹೋಗುತ್ತಿದ್ದಳು. ಅಲ್ಲಿ ಕನ್ನಡ ಮಾತಾಡುವ ಹಾಗಿರಲಿಲ್ಲ. ಒಂದು ದಿನ ಒಂದಕ್ಕೆ ಹೋಗಬೇಕೆಂದು ಕನ್ನಡದಲ್ಲಿ ಕೇಳಿದಳಂತೆ. ಇಂಗ್ಲಿಷಿನಲ್ಲಿ ಕೇಳು ಎಂದರಂತೆ. ಆ ವಾಕ್ಯ ಅವಳಿಗೆ ನೆನಪಾಗುವಷ್ಟರಲ್ಲಿ ಲಂಗ ಒದ್ದೆಯಾಗಿತ್ತು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಇದನ್ನು ನಾನು ಸ್ಪಷ್ಟವಾಗಿ ಹೇಳಬೇಕು. ಪಕ್ಕದ ಮಕ್ಕಳು ನಕ್ಕರು, ಅಷ್ಟೇ. ಆದರೆ ಅಲ್ಲಿಂದ ಮುಂದೆ ಅವಳು ಶಾಲೆಯಲ್ಲಿ ಒಂದೇ ಒಂದು ಮಾತಾಡಲಿಲ್ಲ. ವರ್ಷದ ಕೊನೆಗೆ ಬಂದ ಕಾರ್ಡಿನಲ್ಲಿ ಶಿಸ್ತು ಎನ್ನುವ ಸಾಲಿನ ಮುಂದೆ ಎರಡು ನಕ್ಷತ್ರ ಇದ್ದವು.

ನಾನು ಬಿ.ಎ. ಓದಿದವಳು. ಏನನ್ನಾದರೂ ನಂಬುವ ಮುಂಚೆ ಎರಡು ಸಲ ನೋಡುವುದು ನನ್ನ ಸ್ವಭಾವ. ಜೂನ್‌ನಲ್ಲಿ ನಮ್ಮೂರ ಶಾಲೆ ತೆರೆದಾಗ ನಾನೇ ಹೋಗಿ ನೋಡಿದೆ. ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಬೀಳುತ್ತದೆಯೇ ಎಂದು ಹಾಕಿ ತೆಗೆದು ನೋಡಿದೆ. ನೀರಿನ ಟ್ಯಾಂಕಿನ ಮುಚ್ಚಳ ಎತ್ತಿ ನೋಡಿದೆ. ಅಡುಗೆಯ ಬೊಮ್ಮಕ್ಕ "ಏನ್ ಮೇಡಮ್ಮೋರೆ, ಸೌಟೂ ಮೂಸಿ ನೋಡ್ತೀರಾ?" ಎಂದು ಚುಚ್ಚಿದಳು. ನಿಜ ಹೇಳಬೇಕೆಂದರೆ ಅದನ್ನೂ ನೋಡುವ ಯೋಚನೆ ನನಗಿತ್ತು.

ಆದರೆ ನನ್ನ ಕಣ್ಣು ಸಿಕ್ಕಿಕೊಂಡದ್ದು ಚಾಪೆಯಲ್ಲಿ. ಆ ಶಾಲೆಯಲ್ಲಿ ಒಂದು, ಎರಡು, ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪುಗುಂಪಾಗಿ ಕೂರುತ್ತಾರೆ. ನಲಿ-ಕಲಿ ಎಂದು ಅದರ ಹೆಸರು. ಕಲಿಕೆ ಎಲ್ಲಿಯವರೆಗೆ ಬಂದಿದೆಯೋ ಆ ಮೆಟ್ಟಿಲಿನವರ ಜೊತೆ ಕೂರಬೇಕು. ಇವತ್ತು ಇಲ್ಲಿದ್ದ ಮಗು ನಾಳೆ ಇನ್ನೊಂದು ಗುಂಪಿನಲ್ಲಿ. ನಾನು ವರಾಂಡದಲ್ಲಿ ಕೂತು ನೋಡುತ್ತಿದ್ದಾಗ ಒಬ್ಬ ಹುಡುಗ ನಡುವೆ ಎದ್ದು "ನಂಗೊತ್ತಿಲ್ಲ!" ಎಂದು ಕೂಗಿ, ಕಿಟಕಿಯ ಕೆಳಗಿದ್ದ ಈಚಲು ಚಾಪೆಯ ಮೇಲೆ ಹೋಗಿ ಕೂತ. ನಾನು ಶಿಕ್ಷೆ ಎಂದುಕೊಂಡೆ. ಅಷ್ಟರಲ್ಲಿ ಒಬ್ಬಳು ದೊಡ್ಡ ಹುಡುಗಿ ತನ್ನ ಗುಂಪಿನಿಂದ ಎದ್ದು ಹೋಗಿ ಅವನ ಪಕ್ಕ ಕೂತು, ಅವನ ಸ್ಲೇಟು ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಇಬ್ಬರೂ ಏನೂ ಆಗದವರ ಹಾಗೆ ತಮ್ಮತಮ್ಮ ಜಾಗಕ್ಕೆ ಮರಳಿದರು.

"ಅದು ಗೊತ್ತಿಲ್ಲ ಅನ್ನೋರ ಚಾಪೆ," ಎಂದರು ಮುಖ್ಯ ಶಿಕ್ಷಕಿ ಗಂಗಲಕ್ಷ್ಮಿ. "ಗೊತ್ತಿಲ್ದೋರು ಬಾಯಿಬಿಟ್ಟು ಹೇಳ್ಬೇಕು, ಹೇಳಿ ಅಲ್ಲಿ ಕೂರ್ಬೇಕು. ಗೊತ್ತಿರೋರು ಯಾರಾದ್ರೂ ತಾವಾಗೇ ಎದ್ದು ಹೋಗ್ತಾರೆ. ನಾನು ಕಳ್ಸೋದಿಲ್ಲ. ಒಂದೇ ನಿಯಮ, ಹೇಳದೆ ಕೂರೋ ಹಂಗಿಲ್ಲ."

ಅಂದಿನಿಂದ ಸಿದ್ಧಿಯನ್ನು ದಿನವೂ ಕರೆತಂದೆ. ಹೆಸರು ಸೇರಿಸಿರಲಿಲ್ಲ, ಸುಮ್ಮನೆ ಕೂರಲು ಬಿಟ್ಟಿದ್ದರು. ಅವಳು ಪ್ರತಿದಿನ ಚಾಪೆಯ ಅಂಚಿಗೆ ಅಂಟಿಕೊಂಡು ನೆಲದ ಮೇಲೆ ಕೂರುತ್ತಿದ್ದಳು. ಚಾಪೆಯ ಮೇಲಲ್ಲ. ಅಲ್ಲಿ ಕೂರಲು ಮಾತಾಡಬೇಕಲ್ಲ. ಚಾಪೆಗೆ ಗುಲಾಬಿ ಬಣ್ಣದ ಅಂಚಿತ್ತು. ಅವಳ ಬೆರಳು ಆ ಅಂಚಿನವರೆಗೆ ಹೋಗುತ್ತಿತ್ತು, ಸವರುತ್ತಿತ್ತು, ಹಿಂದಕ್ಕೆ ಬರುತ್ತಿತ್ತು. ಮನೆಯಲ್ಲಿ ಮಾತ್ರ ಊಟದ ಹೊತ್ತಿಗೆ ಅದೇ ಕಥೆ: ಇವತ್ತು ಚಾಪೆ ಮೇಲೆ ಯಾರು ಕೂತರು, ಯಾರು ಎದ್ದು ಹೋದರು, ರೇವಂತ್ ಎಷ್ಟು ಸಲ ಕೂತ.

ನಮ್ಮ ಮಾವ ಶಂಕರಲಿಂಗಪ್ಪನವರಿಗೆ ಇದು ಹಿಡಿಸಲಿಲ್ಲ. ಕೊಡಿಗೇನಹಳ್ಳಿಯಲ್ಲಿ ಪೈಪು, ಮೋಟಾರಿನ ಅಂಗಡಿ ಇಟ್ಟು ಬೆಳೆಸಿದವರು. ಈಗ ಅದನ್ನು ನನ್ನ ಗಂಡ ನಾಗಭೂಷಣ್ ನೋಡಿಕೊಳ್ಳುತ್ತಾರೆ.

"ನಮ್ಮನೆ ಮಗು ತಟ್ಟೆ ಹಿಡ್ಕಂಡು ಸಾಲಾಗಿ ನಿಂತ್ಕಬೇಕೇನಮ್ಮ? ಊರೋರು ಏನಂತಾರೆ? ಶಂಕರಲಿಂಗಪ್ಪಂಗೆ ಫೀಸ್ ಕಟ್ಟೋಕೆ ಆಗ್ಲಿಲ್ಲ ಅಂತಾರೆ."

"ಫೀಸಿನ ಮಾತಲ್ಲ ಮಾವ. ಅಲ್ಲಿ ಅವಳು ಮಾತಾಡೋದಿಲ್ಲ."

"ಇಲ್ಲಿ ಮಾತಾಡ್ತಾಳಾ?"

ಇಲ್ಲಿಯೂ ಅವಳು ಮಾತಾಡಿರಲಿಲ್ಲ. ಗಂಡನ ಮುಖ ನೋಡಿದೆ. "ನೀವಿಬ್ರೂ ಮಾತಾಡಿ ಒಂದು ತೀರ್ಮಾನಕ್ಕೆ ಬನ್ನಿ, ನಂಗೆ ಪೈಪಿನ ಲೋಡು ಬರುತ್ತೆ," ಎಂದು ಅವರು ಚಪ್ಪಲಿ ಮೆಟ್ಟಿಕೊಂಡರು. ಕೊನೆಗೆ ಮಾವನೇ ಒಂದು ದಾರಿ ಹೇಳಿದರು. ಮೌಲ್ಯಮಾಪನದ ದಿನ ತಾವೂ ಬಂದು ಕೂರುವುದು. ಹೊರಗಿನವರು ಶಾಲೆ ಚೆನ್ನಾಗಿದೆ ಎಂದರೆ ಅವರದ್ದು ತಕರಾರಿಲ್ಲ. ಇಲ್ಲವಾದರೆ ಮಾರನೆಯ ದಿನವೇ ವ್ಯಾನು. ಕಾನ್ವೆಂಟಿನವರು ಈ ತಿಂಗಳ ಕೊನೆಯವರೆಗೆ ಸೀಟು ಇಟ್ಟಿದ್ದರು.

ಹೀಗಿರುವಾಗ, ಅದೇ ದಿನ ಚಾಪೆ ಮಾಯವಾಗಿತ್ತು.

ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಓಬಳರಾಜು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಅಂಗಳದ ತುಂಬ ಓಡಾಡುತ್ತಿದ್ದ. ಅವನ ಮಗಳು ರಮ್ಯಶ್ರೀ ಅಲ್ಲೇ ಮೂರನೇ ತರಗತಿ.

"ಓಬಳರಾಜು, ಚಾಪೆ ಎಲ್ಲಿ?" ಎಂದೆ.

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಒಳಗಿಡ್ಸಿದೀನಿ ಅಕ್ಕಾರೆ. ಅಡುಗೆ ಕೋಣೆಲಿ, ಅಕ್ಕಿ ಮೂಟೆ ಹಿಂದೆ."

"ಯಾಕೆ?"

"ಏನಕ್ಕಾರೆ ನೀವು, ಓದ್ದೋರಾಗಿ! ನಾಕು ಜನ ಬಂದಾಗ ಮನೇಲಿ ಹರ್ದಿರೋದ್ನ ಮುಂದಿಡ್ತೀವಾ? 'ಗೊತ್ತಿಲ್ಲ' ಅನ್ನೋರಿಗೇ ಒಂದು ಚಾಪೆ ಹಾಕಿದಾರೆ ಅಂದ್ರೆ ಈ ಇಸ್ಕೂಲಲ್ಲಿ ಯಾವನಿಗೂ ಏನೂ ಗೊತ್ತಿಲ್ಲ ಅಂತ ಬರ್ಕಂಡೋಗಲ್ವಾ?" ಅವನ ಕಣ್ಣು ಹೊಳೆಯಿತು. "ನಾನು ಎಲ್ಲಾ ರೆಡಿ ಮಾಡಿದೀನಿ. ಸಿರಾ ಕಡೆ ನಮ್ಮ ಭಾಮೈದನ ಊರಿಗೆ ಇದೇ ತಂಡದೋರು ಹೋಗಿದ್ರು. ಏನೇನ್ ಕೇಳಿದ್ರು ಅಂತ ಫೋನಲ್ಲೇ ತಿಳ್ಕಂಡೆ. ನಿನ್ನೆ ಸಂಜೆ ಮಕ್ಳುನ್ನೆಲ್ಲ ಆಂಜನೇಯನ ಗುಡಿ ಕಟ್ಟೆ ಮೇಲೆ ಸಾಲಾಗಿ ಕೂರ್ಸಿ, ಒಬ್ಬೊಬ್ರಿಗೆ ಒಂದೊಂದು ಉತ್ರ ಬಾಯಿಪಾಠ ಮಾಡ್ಸಿದೀನಿ. ಮೊದಲ್ನೇವ್ನಿಗೆ ಮೊದಲ್ನೇದು, ಎರಡ್ನೇವ್ಳಿಗೆ ಎರಡ್ನೇದು. ಪಟಪಟಪಟ ಅಂತಾರೆ, ನೋಡ್ತಿರಿ!"

"ಗಂಗಲಕ್ಷ್ಮಿ ಮಿಸ್ಸಿಗೆ ಗೊತ್ತಾ?"

"ಅವ್ರು ನಿನ್ನೆ ಮಧುಗಿರಿಗೆ ಮೀಟಿಂಗ್ ಹೋಗಿದ್ರಲ್ಲ. ಸರ್‌ಪ್ರೈಸು!"

ಓಬಳರಾಜು ಓದಿದ್ದು ಬೆಂಚುಗಳ ಕಾಲದಲ್ಲಿ. ಸಾಲಿನಲ್ಲಿ ಮೊದಲ ಹುಡುಗ ಎಂದೆಂದಿಗೂ ಮೊದಲ ಹುಡುಗನೇ. ಈ ಕೋಣೆಯಲ್ಲಿ ಸಾಲೇ ಇಲ್ಲ. ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಗೇಟಿನಲ್ಲಿ ಕೂಗು: "ಬಂದ್ರು, ಬಂದ್ರು!"

ಈ ಸಲ ನಿಜವಾಗಿಯೂ ಬಂದಿದ್ದರು. ಒಂದು ಬೈಕು, ಹೆಲ್ಮೆಟ್ಟಿನೊಳಗೆ ಒಬ್ಬರೇ ಒಬ್ಬರು. ರಸ್ತೆಗೆ ಹೋಗಿ ಕಾದಿದ್ದ ಗಂಗಲಕ್ಷ್ಮಿ ಮಿಸ್ಸು ಹಿಂದೆಯೇ ನಡೆದು ಬಂದರು. "ತಂಡ ಅಂದಿದ್ರು, ಒಬ್ರೇನಾ?" ಎಂದು ಓಬಳರಾಜು ಹಾರ ಹಿಡಿದುಕೊಂಡು ಪೆಚ್ಚಾದ. ಬಂದವರು ಹೆಲ್ಮೆಟ್ ತೆಗೆದು, ತಲೆ ಕೆರೆದುಕೊಂಡು, "ನಾನೇ ತಂಡ. ಅಂಜನ್ ಕುಮಾರ್, ಪಾವಗಡ," ಎಂದು ನಕ್ಕರು. ಹಾರವನ್ನು ಕೊರಳಿಗೆ ಹಾಕಿಸಿಕೊಳ್ಳಲಿಲ್ಲ, ಗೋಡೆಯ ನವಿಲಿನ ಪಕ್ಕದ ಮೊಳೆಗೆ ತೂಗುಹಾಕಿಸಿದರು.

ಅವರ ಬೆನ್ನಿಗೇ ಮಾವ ಸ್ಕೂಟರಿನಲ್ಲಿ ಇಳಿದರು. ಮಡಿಸಿದ ಶಲ್ಯ, ಹಣೆಗೆ ವಿಭೂತಿ, ಕೈಯಲ್ಲಿ ಫೋನು.

"ಬನ್ನಿ ಬನ್ನಿ ಯಜಮಾನ್ರೆ, ನೆಳ್ಳಾಗ್ ಕುಂತ್ಕಳಿ," ಎಂದು ಓಬಳರಾಜು ಕುರ್ಚಿ ಎಳೆದ.

"ಕೂತ್ಕತೀನಿ ಬುಡು. ಸುಣ್ಣ ಗಿಣ್ಣ ಎಲ್ಲಾ ಹೊಡ್ದಿದೀಯ, ಮದ್ವೆ ಯಾರ್ದೋ?"

"ನಮ್ ಇಸ್ಕೂಲ್ದೇ ಯಜಮಾನ್ರೆ!"

ವರಾಂಡದಲ್ಲಿ ಬಾಗಿಲಿಗೆ ನೇರವಾಗಿ ಮಾವ, ಅವರ ಪಕ್ಕ ಕಂಬಕ್ಕೆ ಒರಗಿ ನಾನು. ಒಳಗಿನದೆಲ್ಲ ಕಾಣುತ್ತಿತ್ತು. ಸಿದ್ಧಿ ತನ್ನ ಮಾಮೂಲಿ ಜಾಗಕ್ಕೆ ಹೋಗಿ ಬರಿಯ ನೆಲದ ಪಕ್ಕ ಬರಿಯ ನೆಲದ ಮೇಲೆ ಕೂತಳು. ಗಂಗಲಕ್ಷ್ಮಿ ಮಿಸ್ಸು ಕಿಟಕಿಯ ಕೆಳಗೆ ನೋಡಿದರು, ನನ್ನ ಕಡೆ ನೋಡಿದರು, ಓಬಳರಾಜು ಕಡೆ ನೋಡಿದರು. ಅವನು ಹೆಬ್ಬೆರಳು ಎತ್ತಿ ತೋರಿಸಿದ. ಅತಿಥಿಯ ಎದುರು ಅವರು ಏನೂ ಕೇಳುವಂತಿರಲಿಲ್ಲ.

ಅಂಜನ್ ಕುಮಾರ್ ಕುರ್ಚಿ ಬೇಡವೆಂದು ಮಕ್ಕಳ ನಡುವೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಆಗಲೇ ಓಬಳರಾಜುವಿನ ಮುಖ ಬದಲಾಯಿತು. ಮಕ್ಕಳು ಗುಡಿಯ ಕಟ್ಟೆಯ ಸಾಲಿನಲ್ಲಿರಲಿಲ್ಲ. ಒಬ್ಬ ಇಲ್ಲಿ, ಒಬ್ಬಳು ಅಲ್ಲಿ, ಎಲ್ಲ ಕಲಸಿಹೋಗಿದ್ದರು. ಅವನು ಬಾಗಿಲಿನಿಂದ ಕೈ ಆಡಿಸಿ ಸಾಲಾಗಿ, ಸಾಲಾಗಿ ಎಂದು ಸನ್ನೆ ಮಾಡಿದ. ಮಕ್ಕಳೆಲ್ಲ ಅವನಿಗೆ ಟಾಟಾ ಮಾಡಿದರು.

"ಏನಮ್ಮ, ನಿಮ್ಮ ತಾಲ್ಲೂಕು ಯಾವುದು?" ಅಂಜನ್ ಕುಮಾರ್ ಹತ್ತಿರದ ಹುಡುಗಿಯನ್ನು ಕೇಳಿದರು.

ಹುಡುಗಿ ಚಂಗನೆ ಎದ್ದು ನಿಂತಳು. "ಏಳು ಬಣ್ಣ ಸಾರ್!"

"ಹಾಂ? ಸರಿ, ಕಾಮನಬಿಲ್ಲಿನಲ್ಲಿ ಎಷ್ಟು ಬಣ್ಣ? ನೀನು ಹೇಳಪ್ಪ."

"ಮಧುಗಿರಿ ಸಾರ್!"

ವರಾಂಡದಲ್ಲಿ ಕೂತಿದ್ದ ತಾಯಂದಿರು ಸೆರಗು ಬಾಯಿಗೆ ಒತ್ತಿಕೊಂಡರು. ಅಂಜನ್ ಕುಮಾರ್ ಕನ್ನಡಕ ಸರಿಮಾಡಿಕೊಂಡು ಮೂಲೆಯ ಪುಟ್ಟ ಹುಡುಗನ ಕಡೆ ತಿರುಗಿದರು. "ಊಟಕ್ಕೆ ಮುಂಚೆ ಏನು ಮಾಡಬೇಕು ಮರಿ?"

"ಹುಲಿ ಸಾರ್!" ಎಂದು ಅವನು ಎದೆಯುಬ್ಬಿಸಿ ಕೂಗಿದ. ರಾಷ್ಟ್ರಪ್ರಾಣಿ ಅವನ ಪಾಲಿಗೆ ಬಂದಿತ್ತೆಂದು ಕಾಣುತ್ತದೆ.

ಅಡುಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದ ಬೊಮ್ಮಕ್ಕ ಗೊಳ್ಳೆಂದು ನಕ್ಕಳು. "ಅಯ್ಯೋ ಶಿವ್ನೆ, ಇವತ್ತು ಸಾರಿಗೆ ಹುಲೀನೇ ಹಾಕ್ಬೇಕು ಕಣ್ರಪ್ಪ!" ಓಬಳರಾಜು ಬಿಳಿ ಅಂಗಿಯ ತೋಳಿನಿಂದ ಬೆವರೊರೆಸಿಕೊಂಡು, "ಲೇ ಪಾಪಯ್ಯ, ಅದಲ್ಲ ಕಣ್ಲಾ! ಕೈ, ಕೈ!" ಎಂದು ಪಿಸುಗುಟ್ಟಿದ. ಹುಡುಗ ಎರಡೂ ಕೈ ಮೇಲೆತ್ತಿದ.

ನನಗೂ ನಗು ಬಂದಿತ್ತು. ಆದರೆ ಮಾವ ನಗುತ್ತಿರಲಿಲ್ಲ. "ನೋಡ್ದೇನಮ್ಮ ನಿನ್ನ ಸ್ಕೂಲ್ನ?" ಎಂದರು ಮೆಲ್ಲಗೆ. ಗೆದ್ದವರ ದನಿ ಅಲ್ಲ ಅದು, ಬೇಸರಪಟ್ಟುಕೊಂಡವರ ದನಿ. ಅದಕ್ಕೇ ನನಗೆ ಇನ್ನೂ ಭಯವಾಯಿತು. ಅವರು ಫೋನಿನಲ್ಲಿ ವ್ಯಾನಿನ ರುದ್ರಯ್ಯನ ಹೆಸರು ಹುಡುಕಿ ಒತ್ತಿದರು. ಆ ಕಡೆಯಿಂದ ಯಾರೂ ಎತ್ತಲಿಲ್ಲ. "ಗಾಡಿ ಓಡಿಸ್ತಿರ್ಬೇಕು, ಅವ್ನೇ ಮಾಡ್ತಾನೆ," ಎಂದು ಫೋನನ್ನು ತೊಡೆಯ ಮೇಲಿಟ್ಟುಕೊಂಡರು.

ನಾನು ಆ ಫೋನನ್ನೂ ನೋಡುತ್ತಿದ್ದೆ, ಒಳಗೂ ನೋಡುತ್ತಿದ್ದೆ.

ಅಂಜನ್ ಕುಮಾರ್ ತಮ್ಮ ಪ್ರಶ್ನೆಗಳನ್ನು ಬದಿಗಿಟ್ಟು, ಮಕ್ಕಳ ಕಾರ್ಡುಗಳ ತಟ್ಟೆಯಿಂದ ಒಂದು ಲೆಕ್ಕದ ಕಾರ್ಡು ಎತ್ತಿಕೊಂಡರು. ಅದು ರೇವಂತ್‌ನ ಕೈಗೆ ಬಂತು. ಅವನ ಮನೆಮಾತು ತೆಲುಗು, ನಮ್ಮ ಕಡೆ ಅರ್ಧ ಊರು ಹಾಗೆಯೇ. "ಮೂವತ್ತೆರಡರಲ್ಲಿ ಹದಿನೈದು ಕಳಿ ನೋಡೋಣ."

ರೇವಂತ್ ಕಾರ್ಡು ನೋಡಿದ. ತುಟಿ ಅಲುಗಿತು. ಅಭ್ಯಾಸದಂತೆ ಎದ್ದು, ಕಿಟಕಿಯ ಕಡೆ ಒಂದು ಹೆಜ್ಜೆ ಇಟ್ಟ. ಅಲ್ಲಿ ಏನೂ ಇರಲಿಲ್ಲ. ನಿಂತುಬಿಟ್ಟ. ತಿರುಗಿ ಬಾಗಿಲಲ್ಲಿದ್ದ ಓಬಳರಾಜುವನ್ನು ನೋಡಿದ. 'ಗೊತ್ತಿಲ್ಲ ಅನ್ನೋ ಮಾತು ಯಾರ ಬಾಯಲ್ಲೂ ಬರಬಾರ್ದು' ಎಂದು ನಿನ್ನೆ ಸಂಜೆ ಕಟ್ಟೆಯ ಮೇಲೆ ಓಬಳರಾಜು ಆಣೆ ಹಾಕಿಸಿದ್ದನಂತೆ. ಹುಡುಗನ ಕಣ್ಣಲ್ಲಿ ನೀರು ತುಂಬಿಕೊಂಡಿತು. ರಮ್ಯಶ್ರೀ ಅವನಿಗೆ ಹೇಳಿಕೊಡಲು ಎದ್ದಳು. ಆದರೆ ಹೋಗಿ ಕೂರುವುದೆಲ್ಲಿ? ಅವಳೂ ನಿಂತಳು. ಕೋಣೆಯ ಮಕ್ಕಳೆಲ್ಲ ಕಿಟಕಿಯ ಕೆಳಗಿನ ಬರಿಯ ನೆಲವನ್ನೇ ನೋಡತೊಡಗಿದರು.

"ಎಲ್ಲಾ ಯಾಕೆ ಅಲ್ಲೇ ನೋಡ್ತಿದೀರಿ? ಏನಿತ್ತು ಅಲ್ಲಿ?" ಎಂದರು ಅಂಜನ್ ಕುಮಾರ್.

ಯಾರೂ ಬಾಯಿಬಿಡಲಿಲ್ಲ. ಗಂಗಲಕ್ಷ್ಮಿ ಮಿಸ್ಸು ಹೇಳಲು ಮುಂದೆ ಬಂದರು. ಅಂಜನ್ ಕುಮಾರ್ ಕೈ ಎತ್ತಿ ತಡೆದರು. "ಮಕ್ಕಳೇ ಹೇಳಲಿ ಮೇಡಂ."

ಆ ನಿಶ್ಶಬ್ದ ನನಗೆ ಪರಿಚಯದ್ದು. ಕಾನ್ವೆಂಟಿನ ಕಾರಿಡಾರಿನಲ್ಲಿ ನಾನು ಅದನ್ನು ಕೇಳಿದ್ದೆ. ಎರಡು ನಕ್ಷತ್ರದ ನಿಶ್ಶಬ್ದ. ಇಲ್ಲಿಗೂ ಬಂತಲ್ಲ ಎಂದುಕೊಂಡೆ.

ಆಗ ಸಿದ್ಧಿ ಎದ್ದಳು.

ಎದ್ದು, ಯಾರನ್ನೂ ನೋಡದೆ, ಬಾಗಿಲಿನಿಂದ ಹೊರಗೆ ಬಂದಳು. ನನ್ನನ್ನು ದಾಟಿದಳು. ಅಳುತ್ತಾ ಮನೆಗೆ ಓಡುತ್ತಾಳೆ ಎಂದುಕೊಂಡು ನಾನು ಎದ್ದೆ. ಅವಳು ಗೇಟಿನ ಕಡೆ ಹೋಗಲಿಲ್ಲ. ಅಡುಗೆ ಕೋಣೆಗೆ ನುಗ್ಗಿದಳು. ನಾನು ಮತ್ತು ಓಬಳರಾಜು ಆಡಿದ ಮಾತನ್ನು ಅವಳು ನನ್ನ ಬೆರಳು ಹಿಡಿದುಕೊಂಡೇ ಕೇಳಿಸಿಕೊಂಡಿದ್ದಳಲ್ಲ, ಅದು ನನಗೆ ಹೊಳೆದದ್ದು ಆಗ. ಒಳಗಿನಿಂದ ಏನೋ ಉರುಳಿದ ಸದ್ದು, ಬೊಮ್ಮಕ್ಕನ ಕೂಗು: "ಏಯ್, ಏಯ್, ಬೇಳೆ ಡಬ್ಬ ಕಣಮ್ಮ! ನಿಧಾನ! ತಡಿ, ನಾನು ಮೂಟೆ ಸರಿಸ್ತೀನಿ!"

ತನಗಿಂತ ಉದ್ದದ ಸುರುಳಿಯನ್ನು ಎರಡೂ ಕೈಯಿಂದ ತಬ್ಬಿ, ಅದರ ತುದಿಯನ್ನು ನೆಲದ ಮೇಲೆ ಎಳೆದುಕೊಂಡು ಸಿದ್ಧಿ ಬಂದಳು. ತಲೆಯ ಮೇಲೆ ಅಕ್ಕಿಯ ಹೊಟ್ಟು. ಸುಣ್ಣದ ಗೆರೆ ಅಳಿಸಿಹೋಯಿತು. ಓಬಳರಾಜು ಅಡ್ಡ ಬರಲು ನೋಡಿದ. ನಾನು ನನ್ನ ಜೀವಮಾನದಲ್ಲೇ ಮೊದಲ ಸಲ ಒಬ್ಬ ಗಂಡಸಿನ ಅಂಗಿಯ ತೋಳು ಹಿಡಿದು ಹಿಂದಕ್ಕೆಳೆದೆ. "ಬಿಡು ಓಬಳರಾಜು. ಬಿಡು, ನಿನ್ನ ದಮ್ಮಯ್ಯ."

ಅವಳು ಚಾಪೆಯನ್ನು ಕಿಟಕಿಯ ಕೆಳಗೆ ಉರುಳಿಸಿದಳು. ಸುರುಳಿ ಬಿಚ್ಚಿಕೊಂಡು, ಅದರೊಳಗಿದ್ದ ತೊಗರಿ ಬೇಳೆ ಚೆಲ್ಲಾಡಿತು. ಗುಲಾಬಿ ಅಂಚನ್ನು ಗೋಡೆಗೆ ನೇರ ಮಾಡಿದಳು. ಒಂದು ಮೂಲೆ ಮಡಿಸಿಕೊಂಡಿತ್ತು, ಅದನ್ನು ಕಾಲಿನಿಂದ ಒತ್ತಿದಳು. ಆಮೇಲೆ ಚಾಪೆಯ ಹೊರಗೆ ನಿಂತುಕೊಂಡಳು.

ನಾನು ಅವಳ ಬೆನ್ನನ್ನು ಮಾತ್ರ ನೋಡುತ್ತಿದ್ದೆ. ಬೆನ್ನು ಒಮ್ಮೆ ಉಬ್ಬಿತು.

"ನಂಗೆ ಕಳೆಯೋ ಲೆಕ್ಕ ಗೊತ್ತಿಲ್ಲ!"

ಕೋಣೆಯೊಳಗೆ ಮಾತ್ರ ಅಲ್ಲ, ಅಂಗಳದ ಹೊಂಗೆಮರದವರೆಗೆ ಕೇಳಿಸಿತು. ವರ್ಷವಿಡೀ ಒಳಗೆ ಕೂತಿದ್ದ ದನಿ, ಎಷ್ಟು ಜೋರಾಗಿ ಬರಬೇಕೆಂಬ ಅಳತೆ ಅದಕ್ಕೆ ತಪ್ಪಿಹೋಗಿತ್ತು. ಹೇಳಿ, ಚಾಪೆಯ ನಡುಮಧ್ಯಕ್ಕೆ ನಡೆದು, ಕಾಲು ಮಡಿಸಿ ಕೂತಳು. ಅಂಚಿನಲ್ಲಲ್ಲ, ನಡುವೆ.

"ನಾಕು ತೆಲೀದು ಸಾರ್!" ಎಂದು ರೇವಂತ್ ತೆಲುಗಿನಲ್ಲೇ ಕೂಗಿ ಹಾರಿ ಅವಳ ಪಕ್ಕ ಬಿದ್ದ. "ನಂಗೂ ಗೊತ್ತಿಲ್ಲ!" ಎಂದು ಹುಲಿಯ ಹುಡುಗ. "ಸಾರ್, ತಾಲ್ಲೂಕಂದ್ರೆ ಏನು ಅಂತ ನಂಗೊತ್ತಿಲ್ಲ!" ಎಂದು ಏಳು ಬಣ್ಣದ ಹುಡುಗಿ. ನೋಡನೋಡುತ್ತಿದ್ದಂತೆ ಚಾಪೆ ತುಂಬಿ, ಜಾಗಕ್ಕಾಗಿ ತಳ್ಳಾಟ ಶುರುವಾಯಿತು.

ರಮ್ಯಶ್ರೀ ಕಡ್ಡಿಗಳ ಕಟ್ಟು ಹಿಡಿದು ಬಂದು ಸಿದ್ಧಿಯ ಎದುರು ಕೂತಳು. ಹತ್ತು ಹತ್ತು ಕಡ್ಡಿಗೆ ರಬ್ಬರ್ ಹಾಕಿದ ಮೂರು ಕಟ್ಟು, ಎರಡು ಬಿಡಿ. "ನೋಡು, ಐದು ಬಿಡಿ ಕಡ್ಡಿ ಕೊಡ್ಬೇಕು. ನಿನ್ನತ್ರ ಎರಡೇ ಐತೆ. ಏನ್ ಮಾಡ್ತೀಯ?"

ಸಿದ್ಧಿ ಯೋಚಿಸಿದಳು. "ಒಂದು ಕಟ್ಟು ಬಿಚ್ಚಲಾ?"

"ಬಿಚ್ಚು!"

ರಬ್ಬರು ಪಟ್ಟೆಂದು ಹಾರಿ ಅಂಜನ್ ಕುಮಾರರ ಕನ್ನಡಕಕ್ಕೆ ಬಡಿಯಿತು. ಮಕ್ಕಳೆಲ್ಲ ಹೋ ಎಂದರು. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಚಾಪೆಯ ಅಂಚಿಗೆ ಸರಿದು ಬಂದರು.

"ಸಾರ್, ಹೇಳದೆ ಕೂರೋ ಹಂಗಿಲ್ಲ," ಎಂದಳು ಸಿದ್ಧಿ. ನನ್ನ ಸಿದ್ಧಿ, ಒಬ್ಬ ಅಪರಿಚಿತರಿಗೆ, ಶಾಲೆಯೊಳಗೆ, ಬೆರಳು ಎತ್ತಿ.

"ಹೌದಾ? ಹಂಗಾದ್ರೆ ಹೇಳ್ತೀನಿ ಕೇಳು. ನನ್ನ ಹಾಳೆಯಲ್ಲಿ ಕಟ್ಟಡಕ್ಕೆ ಜಾಗ ಇದೆ, ಗ್ರಂಥಾಲಯಕ್ಕೆ ಇದೆ, ಕೈತೋಟಕ್ಕೂ ಇದೆ. ಈ ಚಾಪೇನ ಎಲ್ಲಿ ಬರೀಬೇಕು ಅಂತ ನಂಗೆ ಗೊತ್ತಿಲ್ಲ."

"ಕೂತ್ಕಳಿ," ಎಂದು ಅವಳು ಸರಿದು ಜಾಗ ಮಾಡಿಕೊಟ್ಟಳು.

ಅದೇ ಹೊತ್ತಿಗೆ ಮಾವನ ತೊಡೆಯ ಮೇಲಿದ್ದ ಫೋನು ಬಡಿದುಕೊಳ್ಳತೊಡಗಿತು. ವ್ಯಾನಿನ ರುದ್ರಯ್ಯ. ಮಾವ ಕುರ್ಚಿಯ ತುದಿಗೆ ಬಂದು, ಬಾಗಿಲೊಳಕ್ಕೆ ಕುತ್ತಿಗೆ ಚಾಚಿ ಕೂತಿದ್ದರು. ಫೋನನ್ನು ನೋಡದೆಯೇ ಕಿವಿಗೆ ಹಿಡಿದರು. ಆ ಕಡೆಯವನ ದನಿ ನನಗೂ ಕೇಳಿಸಿತು: "ಯಜಮಾನ್ರೆ, ಫೋನ್ ಮಾಡಿದ್ರಾ? ನಾಳೆಯಿಂದ ಪಾಪೂನ ಕರ್ಕಂಡೋಗೋಕೆ ಬರ್ಲಾ?"

"ಏಯ್, ಇಡಯ್ಯ ಫೋನ," ಎಂದರು ಮಾವ. ದನಿ ಒಡೆದಿತ್ತು. "ನನ್ನ ಮೊಮ್ಮಗಳು ಮಾತಾಡ್ತಾ ಅವ್ಳೆ, ಕೇಳುಸ್ತಿಲ್ಲ ಇಲ್ಲಿ."

ನಾನು ಕಂಬವನ್ನು ಹಿಡಿದುಕೊಂಡೆ. ಅತ್ತುಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ನಗುತ್ತಿದ್ದೆ.

ಊಟದ ಗಂಟೆ ಹೊಡೆದ ಮೇಲೆ ಓಬಳರಾಜು ಅಂಜನ್ ಕುಮಾರರ ಹಿಂದೆಯೇ ಸುತ್ತಿದ. "ಸಾರ್, ತಪ್ಪಾಯ್ತು. ಬಾಯಿಪಾಠ ಮಾಡ್ಸಿದ್ದು ನಾನೇ, ಮಿಸ್ಸಿಗೆ ಗೊತ್ತೇ ಇಲ್ಲ. ಅದ್ಕೆ ನಂಬರು ಕಳೀತೀರಾ?"

"ಸ್ವಲ್ಪ ಕಳೀತೀನಿ."

"ಮತ್ತೆ ಚಾಪೆಗೆ ಕೂಡ್ತೀರಾ?"

"ಗೊತ್ತಿಲ್ಲಪ್ಪ."

"ಗೊತ್ತಿಲ್ಲ ಅಂದ್ರೆ ಚಾಪೆ ಮೇಲೆ ಬರ್ಬೇಕು ಸಾರ್!" ಎಂದು ತಟ್ಟೆ ಹಿಡಿದು ನಿಂತಿದ್ದ ಸಾಲಿನಿಂದ ಕೂಗು ಬಂತು.

ಹೊರಡುವ ಮುಂಚೆ ಅವರು ತಾಯ್ತಂದೆಯರ ಎದುರು ಎರಡೇ ಮಾತಾಡಿದರು. ಗ್ರಂಥಾಲಯದ ಬೀರು ಬೀಗ ಹಾಕಿಕೊಂಡಿದೆ, ಅದು ತೆರೆಯಬೇಕು. ಗೋಡೆಯ ನವಿಲನ್ನು ಮಕ್ಕಳ ಕೈಗೇ ಕೊಡಿ, ಇದಕ್ಕಿಂತ ಚೆನ್ನಾಗಿ ಬರೆಯುತ್ತಾರೆ. "ಇನ್ನು ಶಾಲೆ ಹೆಂಗಿದೆ ಅಂತ ಕೇಳಿದ್ರೆ, ನನಗೊಬ್ಳು ಮಗಳಿದ್ದು ನಾನು ಈ ಊರಲ್ಲಿದ್ದಿದ್ರೆ ಇಲ್ಲಿಗೇ ಕಳಿಸ್ತಿದ್ದೆ," ಎಂದು ಹೇಳಿ, ಮೊಳೆಯ ಮೇಲಿದ್ದ ಹಾರವನ್ನು ಬೊಮ್ಮಕ್ಕನಿಗೆ ಕೊಟ್ಟು ಬೈಕು ಹತ್ತಿದರು.

ಹೆಸರು ಸೇರಿಸುವಾಗ ಮಾವ ತಮ್ಮ ತಕರಾರನ್ನು ಪೂರ್ತಿ ಬಿಟ್ಟಿರಲಿಲ್ಲ. "ತಟ್ಟೆ ಮನೆಯಿಂದ್ಲೇ ಕಳಿಸ್ತೀವಿ ಮೇಡಂ."

"ಎಲ್ರಿಗೂ ಒಂದೇ ತರದ ತಟ್ಟೆ ಯಜಮಾನ್ರೆ," ಎಂದರು ಗಂಗಲಕ್ಷ್ಮಿ ಮಿಸ್ಸು, ತಲೆ ಎತ್ತದೆ.

"ಮತ್ತೆ ಮೊಟ್ಟೆ?"

"ಬೇಡ ಅನ್ನೋರಿಗೆ ಬಾಳೆಹಣ್ಣು."

ಮಾವ ಶಲ್ಯ ಕೊಡವಿಕೊಂಡರು. "ಆಯ್ತು ಬುಡಮ್ಮ."

ಹೊರಗೆ ಸಿದ್ಧಿ ರಮ್ಯಶ್ರೀಯ ಪಕ್ಕ ಕೂತು ಅನ್ನ ಸಾರು ಕಲಸುತ್ತಿದ್ದಳು. ಬಾಯಿ ತುಂಬ ಅನ್ನ, ಆದರೂ ಮಾತು ನಿಲ್ಲುತ್ತಿರಲಿಲ್ಲ. ಮಾತಾಡಬೇಡ, ತಿನ್ನು ಎಂದು ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಹೇಳುತ್ತೇನೋ. ಹೇಳಲು ಬಾಯಿ ತೆರೆದೆ, ಅಭ್ಯಾಸ. ತಕ್ಷಣ ಮುಚ್ಚಿಕೊಂಡೆ.